ಓದುಗರ ಪ್ರಶ್ನೆ: ಹೊಗೆಯಲ್ಲಿ ಕೆಲಸ ಮಾಡಿ ಬಂದ ಮಗ ‘ಬಿಡಮ್ಮ’ ಅಂತಾನೆ

ಈ ಸಲ ಐದು ಪತ್ರಗಳನ್ನು ಆರಿಸಿದ್ದೇನೆ. ಐದೂ ಸೈನಿಕರ ಮನೆಯವು. ನಾಲ್ಕು ಅಮೆರಿಕದ ಸೇನೆಗೆ ಸೇರಿದ್ದು, ಒಂದು ನಮ್ಮ ಸೇನೆಯದು. ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಭದ್ರಾವತಿಯವಳು. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದರ ಶ್ವಾಸಕೋಶ ವಿಭಾಗದಲ್ಲಿ ನರ್ಸ್ ಆಗಿದ್ದೆ. ನಿವೃತ್ತಿಯಾದ ಮೇಲೆ ಮಾನ್ಯತೆ ಪಡೆದು, ಮಾಜಿ ಸೈನಿಕರ ಸಂಘವೊಂದರಲ್ಲಿ ಪರಿಹಾರದ ಅರ್ಜಿಗಳನ್ನು ಪುಕ್ಕಟೆ ತುಂಬಿಸಿಕೊಡುತ್ತೇನೆ. ಈ ಅರ್ಜಿಗಳನ್ನು ನೋಡುವ ಸರ್ಕಾರಿ ಇಲಾಖೆಗೆ ಅಲ್ಲಿ ಎಲ್ಲರೂ ‘ವಿಎ’ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಪ್ರಶ್ನೆ: ಅಕ್ಕಾ, ನನ್ನ ಮಗ ಗ್ರೀನ್ ಕಾರ್ಡ್ ಬಂದ ಮೇಲೆ ಅಮೆರಿಕದ ಸೇನೆ ಸೇರಿದ. 2007-08ರಲ್ಲಿ ಇರಾಕ್‌ನ ಬಲಾದ್ ಎಂಬಲ್ಲಿ ಲಾರಿ ರಿಪೇರಿ ಕೆಲಸದಲ್ಲಿದ್ದ. 2010ರಲ್ಲಿ ಸೇನೆ ಬಿಟ್ಟ. ಮರುವರ್ಷವೇ ಆಸ್ತಮಾ ಅಂದರು. ಈಗ ಟೆಕ್ಸಸ್‌ನಲ್ಲಿದ್ದಾನೆ, ದಿನಾ ಇನ್‌ಹೇಲರ್ ಬೇಕು. ಮೂಗು ಯಾವಾಗಲೂ ಕಟ್ಟಿರುತ್ತದೆ, ಸೈನಸ್ ತಲೆನೋವು ಬೇರೆ. 2012ರಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದ್ದ. ಕಾಯಿಲೆಗೂ ಸೇನೆಯ ಕೆಲಸಕ್ಕೂ ಸಂಬಂಧ ಸಾಬೀತಾಗಿಲ್ಲ ಅಂತ ವಾಪಸ್ ಬಂತು. ಈಗ ಹೊಸ ಕಾನೂನು ಬಂದಿದೆಯಂತೆ ಅಂದರೆ, “ಬಿಡಮ್ಮ, ನನಗಿಂತ ಕಷ್ಟದಲ್ಲಿರೋರಿಗೆ ಸಿಗಲಿ” ಅಂತಾನೆ. ಅವನಿಗೆ ನಿಜಕ್ಕೂ ಏನಾದರೂ ಸಿಗುತ್ತದಾ? (ತಾಯಿ, ಹಾಸನ)

ಉತ್ತರ: ಸಿಗುವ ಸಾಧ್ಯತೆ ತುಂಬಾ ಇದೆ ಅಕ್ಕಾ. ಈ ಉತ್ತರವನ್ನು ಅವನಿಗೇ ಓದಿ ಹೇಳಿ.

ಮೊದಲು ಬಲಾದ್ ಬಗ್ಗೆ. ಅದು ಇರಾಕ್‌ನಲ್ಲಿ ಅಮೆರಿಕದ ಅತಿ ದೊಡ್ಡ ನೆಲೆಗಳಲ್ಲಿ ಒಂದಾಗಿತ್ತು. ಅಷ್ಟು ಜನ ಇದ್ದ ಕಡೆ ಬೀಳುವ ಕಸ ಎಲ್ಲಿಗೆ ಹೋಗಬೇಕು? ಸುಮಾರು 10 ಎಕರೆಯ ಬಯಲು ಗುಂಡಿಯಲ್ಲಿ ಸುರಿದು ಬೆಂಕಿ ಹಚ್ಚುತ್ತಿದ್ದರು. ಊಟದ ಪ್ಲಾಸ್ಟಿಕ್ ತಟ್ಟೆ, ನೀರಿನ ಬಾಟಲಿ, ಟೈರ್, ಬ್ಯಾಟರಿ, ಪೇಂಟ್, ಆಸ್ಪತ್ರೆಯ ಕಸ, ಎಲ್ಲವೂ ಅದರಲ್ಲೇ. ಹತ್ತಿಕೊಳ್ಳಲಿ ಅಂತ ವಿಮಾನದ ಇಂಧನ ಸುರಿಯುತ್ತಿದ್ದರು. ದಿನಕ್ಕೆ ನೂರಾರು ಟನ್ ಕಸ, ಹಗಲೂ ರಾತ್ರಿ. ಗಾಳಿ ತಿರುಗಿದರೆ ಕಪ್ಪು ಹೊಗೆ ಮಲಗುವ ಬ್ಯಾರಕ್‌ಗಳ ಮೇಲೇ. ಅಲ್ಲಿದ್ದವರು ಕೆಮ್ಮಿದಾಗ ಕಪ್ಪು ಕಫ ಬರುತ್ತಿತ್ತು ಎಂದು ನನ್ನ ವಾರ್ಡಿನಲ್ಲಿ ಎಷ್ಟೋ ಜನ ಹೇಳಿದ್ದಾರೆ. ಇದಕ್ಕೆ ಅವರು ‘ಬರ್ನ್ ಪಿಟ್’ ಅನ್ನುತ್ತಾರೆ. ನಿಮ್ಮ ಮಗನಿಗೆ ಆ ಎರಡು ಪದ ಸಾಕು, ವಾಸನೆ ಸಹಿತ ನೆನಪಾಗುತ್ತದೆ.

ಆಗಿನ ನಿಯಮದಲ್ಲಿ ತೊಂದರೆ ಏನಿತ್ತು ಅಂದರೆ, ಈ ಹೊಗೆಯಿಂದಲೇ ಈ ಕಾಯಿಲೆ ಬಂತು ಅಂತ ಸೈನಿಕನೇ ತೋರಿಸಬೇಕಿತ್ತು. ಹೇಗೆ ತೋರಿಸುತ್ತಾನೆ ಹೇಳಿ? ಅವತ್ತು ಆ ಗುಂಡಿಯಲ್ಲಿ ಏನು ಸುಟ್ಟರು ಅನ್ನುವುದಕ್ಕೆ ಲೆಕ್ಕ ಇಲ್ಲ. ಇವನು ಎಷ್ಟು ಹೊಗೆ ಕುಡಿದ ಅನ್ನುವುದಕ್ಕೆ ಅಳತೆ ಇಲ್ಲ. ಬರ್ನ್ ಪಿಟ್ ಅರ್ಜಿಗಳಲ್ಲಿ ನಾಲ್ಕರಲ್ಲಿ ಮೂರು ಹಾಗೇ ಬಿದ್ದುಹೋಗುತ್ತಿದ್ದವು. ನಿಮ್ಮ ಮಗನದು ಆ ರಾಶಿಯಲ್ಲಿ ಒಂದು.

2022ರ ಆಗಸ್ಟ್ 10ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಪ್ಯಾಕ್ಟ್ ಕಾಯ್ದೆ ಈ ಲೆಕ್ಕವನ್ನೇ ತಿರುಗಿಸಿತು. ಒಹಾಯೊದ ಸಾರ್ಜೆಂಟ್ ಹೀತ್ ರಾಬಿನ್ಸನ್ ಎಂಬ ಸೈನಿಕನ ಹೆಸರು ಅದಕ್ಕೆ ಇಟ್ಟಿದ್ದಾರೆ. ಇರಾಕ್‌ನಲ್ಲಿ ಕೆಲಸ ಮಾಡಿ ಬಂದ ಆತ 2020ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡ. ಕಾಯ್ದೆ ಸುಲಭವಾಗಿ ಬರಲಿಲ್ಲ. ಜುಲೈ ಕೊನೆಯಲ್ಲಿ ಸೆನೆಟ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಕಾಯಿಲೆ ಬಿದ್ದ ಸೈನಿಕರು, ಅವರ ಹೆಂಡತಿಯರು ಸಂಸತ್ ಭವನದ ಮೆಟ್ಟಿಲ ಮೇಲೆ ರಾತ್ರಿ ಹಗಲು ಕೂತರು. ಆಗಸ್ಟ್ 2ರಂದು 86-11 ಮತಗಳಿಂದ ಪಾಸಾಯಿತು. ನನಗೆ ಅವತ್ತು ಆದ ಸಮಾಧಾನ ಹೇಳಲಾರೆ. ಇನ್‌ಹೇಲರ್ ಹಿಡಿದುಕೊಂಡು ನನ್ನ ಎದುರು ಕೂತು “ಪ್ರೂಫ್ ಎಲ್ಲಿಂದ ತರಲಿ ಸಿಸ್ಟರ್” ಅಂದವರ ಮುಖಗಳೆಲ್ಲ ಕಣ್ಣ ಮುಂದೆ ಬಂದವು.

ಈಗಿನ ನಿಯಮ ಇಷ್ಟೇ. 1990ರ ಆಗಸ್ಟ್ 2ರ ನಂತರ ಇರಾಕ್, ಕುವೈತ್, ಸೌದಿ, ಕತಾರ್, ಒಮಾನ್, ಬಹ್ರೇನ್, ಯುಎಇ, ಸೊಮಾಲಿಯಾದಲ್ಲಿ, ಇಲ್ಲವೇ 2001ರ ಸೆಪ್ಟೆಂಬರ್ 11ರ ನಂತರ ಅಫ್ಘಾನಿಸ್ತಾನ, ಸಿರಿಯಾ, ಉಜ್ಬೇಕಿಸ್ತಾನ ಮುಂತಾದ ಇನ್ನೂ ಕೆಲವು ದೇಶಗಳಲ್ಲಿ ಸೇವೆಯಲ್ಲಿದ್ದರೆ, ಆ ಸೈನಿಕ ಹೊಗೆಗೆ ಒಡ್ಡಿಕೊಂಡಿದ್ದಾನೆ ಅಂತ ಸರ್ಕಾರವೇ ಒಪ್ಪಿಕೊಳ್ಳುತ್ತದೆ. ಕಾಯಿಲೆಗಳ ಒಂದು ಪಟ್ಟಿ ಇದೆ. ಸೇವೆಯ ನಂತರ ಪತ್ತೆಯಾದ ಆಸ್ತಮಾ, ಬಿಡದ ಮೂಗಿನ ಉರಿಯೂತ, ಬಿಡದ ಸೈನಸ್, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಹಲವು ಬಗೆಯ ಕ್ಯಾನ್ಸರ್ ಅದರಲ್ಲಿವೆ. 2025ರ ಜನವರಿಯಲ್ಲಿ ರಕ್ತದ ಕ್ಯಾನ್ಸರ್‌ಗಳನ್ನೂ ಮೂತ್ರಕೋಶದ ಕ್ಯಾನ್ಸರನ್ನೂ ಸೇರಿಸಿದರು. ಅಲ್ಲಿದ್ದೆ, ಈಗ ಈ ಕಾಯಿಲೆ ಇದೆ, ಈ ಎರಡು ತೋರಿಸಿದರೆ ಸಾಕು. ನಡುವಿನ ಕೊಂಡಿಯನ್ನು ನೀವು ಸಾಬೀತು ಮಾಡಬೇಕಿಲ್ಲ. ನಿಮ್ಮ ಮಗನಿಗೆ ಪಟ್ಟಿಯ ಮೂರು ಕಾಯಿಲೆ ಇವೆ ಅಕ್ಕಾ, ಒಂದಲ್ಲ. 2012ರಲ್ಲಿ ಆಸ್ತಮಾ ಒಂದನ್ನೇ ಬರೆದಿದ್ದ ಅನ್ನಿಸುತ್ತದೆ.

ಅವನು ಇವತ್ತೇ ಮಾಡಬೇಕಾದ ಕೆಲಸ ‘ಅರ್ಜಿ ಹಾಕುವ ಉದ್ದೇಶ ಇದೆ’ ಅಂತ ವಿಎಗೆ ತಿಳಿಸುವುದು. ‘ಇಂಟೆಂಟ್ ಟು ಫೈಲ್’ ಅಂದರೆ ಅವನಿಗೆ ಗೊತ್ತಾಗುತ್ತದೆ. ಫೋನ್‌ನಲ್ಲೇ ಆಗುತ್ತದೆ, ಆನ್‌ಲೈನ್‌ನಲ್ಲೂ ಆಗುತ್ತದೆ. ಆ ದಿನಾಂಕ ಒಂದು ವರ್ಷ ಅವನ ಹೆಸರಿನಲ್ಲಿ ನಿಂತಿರುತ್ತದೆ. ಅಷ್ಟರೊಳಗೆ ಪೂರ್ತಿ ಅರ್ಜಿ ಕೊಟ್ಟು ಮಂಜೂರಾದರೆ, ಹಣದ ಲೆಕ್ಕ ಆ ದಿನದಿಂದಲೇ ಶುರುವಾಗುತ್ತದೆ. ಆಮೇಲೆ ಹಿಂದೆ ತಿರಸ್ಕಾರವಾದ ಆಸ್ತಮಾಗೆ 20-0995 ನಂಬರಿನ ಪೂರಕ ಅರ್ಜಿ. ಮೂಗು, ಸೈನಸ್ ಎರಡಕ್ಕೆ 21-526ಇಝಡ್ ಎಂಬ ಹೊಸ ಅರ್ಜಿ. ಜೊತೆಗೆ ಸೇನೆ ಬಿಡುವಾಗ ಕೊಟ್ಟ ಡಿಡಿ-214 ಕಾಗದ, ಡಾಕ್ಟರರ ದಾಖಲೆಗಳು, ಔಷಧಿ ಅಂಗಡಿಯ ಪಟ್ಟಿ.

ಕಾಯ್ದೆ ಬಂದ ಮೊದಲ ವರ್ಷದಲ್ಲಿ, ಅಂದರೆ 2023ರ ಆಗಸ್ಟ್ 14ರೊಳಗೆ ಕೇಳಿದವರಿಗೆ 2022ರ ಆಗಸ್ಟ್ 10ರಿಂದಲೇ ಬಾಕಿ ಸಿಕ್ಕಿತು. ಆ ಅವಕಾಶ ಮುಗಿದಿದೆ. ಆದರೆ ಅರ್ಜಿಗೆ ಕೊನೆಯ ದಿನ ಅಂತ ಇಲ್ಲ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ: ಕಾಯ್ದೆ ಬಂದಾಗಲೇ ಕಾಯಿಲೆ ಇತ್ತು, ಅಲ್ಲಿಂದ ಇಲ್ಲಿಯವರೆಗೆ ಬಿಡದೆ ಇದೆ ಅಂತ ದಾಖಲೆ ಇದ್ದರೆ, ಅರ್ಜಿ ಕೊಟ್ಟ ದಿನಕ್ಕಿಂತ ಒಂದು ವರ್ಷ ಹಿಂದಿನಿಂದ ಹಣ ಕೊಡಲು ನಿಯಮದಲ್ಲಿ ಜಾಗ ಇದೆ. ನಿಮ್ಮ ಮಗನ ಇನ್‌ಹೇಲರ್ ಚೀಟಿಗಳು ಅದಕ್ಕೇ ಬೇಕು. ಅದನ್ನು ಅರ್ಜಿಯಲ್ಲಿ ಬರೆದು ಕೇಳಲಿ.

ಎಷ್ಟು ಸಿಗುತ್ತದೆ? ವಿಎ ಪ್ರತಿ ಕಾಯಿಲೆಗೂ ಶೇಕಡಾ ಲೆಕ್ಕ ಹಾಕುತ್ತದೆ. ಆಸ್ತಮಾಗೆ ದಿನಾ ಇನ್‌ಹೇಲರ್ ಬೇಕು ಅಂದರೆ ಶೇ 30. ವರ್ಷಕ್ಕೆ ಮೂರು ಸಲವಾದರೂ ಸ್ಟೆರಾಯ್ಡ್ ಮಾತ್ರೆಯ ಕೋರ್ಸ್ ಬೇಕಾದರೆ ಶೇ 60. ಇದು ಮುಖ್ಯ, ಏಕೆಂದರೆ ತುರ್ತು ಕ್ಲಿನಿಕ್‌ಗೆ ಹೋಗಿ ಐದು ದಿನದ ಮಾತ್ರೆ ತಗೊಂಡದ್ದನ್ನು ಹುಡುಗರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಚೀಟಿಗಳನ್ನೂ ಹುಡುಕಲಿ. ಮೂಗಿಗೆ, ಸೈನಸ್‌ಗೆ ಬೇರೆಬೇರೆಯಾಗಿ ಶೇ 10 ಬಂದರೂ 30, 10, 10 ಕೂಡಿ 50 ಆಗುವುದಿಲ್ಲ. ಉಳಿದ ಆರೋಗ್ಯದ ಮೇಲೆ ಮುಂದಿನ ಶೇಕಡಾ ಹಾಕುತ್ತಾ ಹೋಗುತ್ತಾರೆ. ಹಾಗಾಗಿ 43 ಆಗಿ, ಹತ್ತಿರದ ಹತ್ತಕ್ಕೆ ಇಳಿದು 40 ಆಗುತ್ತದೆ. 2025ರ ದರದಲ್ಲಿ ಶೇ 40ಕ್ಕೆ ಒಬ್ಬಂಟಿಗೆ ತಿಂಗಳಿಗೆ 774 ಡಾಲರ್, ಶೇ 60ಕ್ಕೆ 1,395 ಡಾಲರ್ ಮೇಲೆ ಚಿಲ್ಲರೆ. ತೆರಿಗೆ ಇಲ್ಲ. ಶೇ 30 ಅಥವಾ ಹೆಚ್ಚು ಇದ್ದರೆ ಹೆಂಡತಿ ಮಕ್ಕಳಿಗೆ ಮಾತ್ರ ಅಲ್ಲ, ಅವನನ್ನೇ ನಂಬಿಕೊಂಡಿರುವ, ಆದಾಯ ಕಡಿಮೆ ಇರುವ ತಂದೆತಾಯಿಗೂ ಸ್ವಲ್ಪ ಜಾಸ್ತಿ ಸೇರಿಸುತ್ತಾರೆ. ಹಾಸನದಲ್ಲಿರುವ ನಿಮಗೆ ಅವನು ತಿಂಗಳು ತಿಂಗಳು ಹಣ ಕಳಿಸುತ್ತಿದ್ದರೆ ಆ ಬ್ಯಾಂಕ್ ದಾಖಲೆ ಎತ್ತಿಟ್ಟುಕೊಳ್ಳಿ.

ಈಗ ನಿಮ್ಮ ಮಗನ ಮಾತಿಗೆ ಬರುತ್ತೇನೆ. ಇವನಿಗೆ ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗುವುದಿಲ್ಲ. ಇದು ಹಂಚಿ ಮುಗಿಸುವ ನಿಧಿಯಲ್ಲ, ಅರ್ಹರಾದ ಎಲ್ಲರಿಗೂ ಕೊಡಲೇಬೇಕಾದ ಹಕ್ಕು. ಅವನ ಕೆಲಸಕ್ಕೂ ತೊಂದರೆ ಇಲ್ಲ, ಪೂರ್ತಿ ಸಂಬಳದ ನೌಕರಿ ಮಾಡುತ್ತಲೇ ತಗೊಳ್ಳಬಹುದು. ಅವನು ಕೇಳದೇ ಬಿಟ್ಟರೆ ಕಷ್ಟದಲ್ಲಿರುವ ಯಾರಿಗೂ ಒಂದು ಡಾಲರ್ ಹೆಚ್ಚಿಗೆ ಹೋಗುವುದಿಲ್ಲ. ಇದನ್ನು ಎರಡು ಸಲ ಹೇಳಿ ಅವನಿಗೆ.

ಅರ್ಜಿಯ ನಂತರ ವೈದ್ಯಕೀಯ ಪರೀಕ್ಷೆಗೆ ಕರೆಯುತ್ತಾರೆ. ಆ ಕೋಣೆಯಲ್ಲಿ ಏನಾಗುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಮೂಗಿಗೆ ಕ್ಲಿಪ್ ಹಾಕುತ್ತಾರೆ. ಬಾಯಿಗೆ ರಟ್ಟಿನ ಕೊಳವೆ. ಎದೆ ತುಂಬ ಉಸಿರು ಎಳೆದು ಒಂದೇ ಸಲ ಊದಬೇಕು. ತಂತ್ರಜ್ಞೆ ಪಕ್ಕದಲ್ಲಿ ನಿಂತು “ಊದಿ, ಊದಿ, ಬಿಡಬೇಡಿ, ಇನ್ನೂ” ಅಂತಿರುತ್ತಾಳೆ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಅನ್ನುವುದೇ ಮುಖ್ಯ ಅಂಕಿ. ಮೂರನೇ ಸಲಕ್ಕೆ ಕಣ್ಣಲ್ಲಿ ನೀರು, ಕುತ್ತಿಗೆಯ ನರ ಉಬ್ಬಿರುತ್ತದೆ. ಅಂಥ ಸ್ಥಿತಿಯಲ್ಲಿ ಮೇಜಿನ ಅಂಚು ಹಿಡಿದು ನಿಂತಿದ್ದ ಒಬ್ಬ ಗಟ್ಟಿ ಆಳನ್ನು ಡಾಕ್ಟರ್ “ಹೇಗಿದ್ದೀರಿ” ಅಂತ ಕೇಳಿದರು. “ಫೈನ್ ಸರ್” ಅಂದ. ಅದು ಕಾಗದದ ಮೇಲೆ ಹಾಗೇ ಹೋಯಿತು. ನಮ್ಮ ಹುಡುಗರಿಗೆ ಈ ಅಭ್ಯಾಸ ಇನ್ನೂ ಜಾಸ್ತಿ. ಯಾರು ಕೇಳಿದರೂ ‘ಪರವಾಗಿಲ್ಲ’. ಅಲ್ಲಿ ಹಾಗೆ ಹೇಳಬಾರದು. ಮೆಟ್ಟಿಲು ಹತ್ತಿದರೆ ಏನಾಗುತ್ತದೆ, ರಾತ್ರಿ ಎಷ್ಟು ಸಲ ಏಳುತ್ತಾನೆ, ಯಾವ ತಿಂಗಳು ಕೆಲಸಕ್ಕೆ ರಜೆ ಹಾಕಿದ, ಇದನ್ನು ಇದ್ದದ್ದು ಇದ್ದ ಹಾಗೆ ಹೇಳಲಿ. ಸೊಸೆಗೂ ಒಂದು ಪುಟ ಬರೆದುಕೊಡಲು ಹೇಳಿ. ರಾತ್ರಿಯ ಕೆಮ್ಮು ಕೇಳುವವಳು ಅವಳೇ ಅಲ್ವಾ. ಮನೆಯವರ ಬರಹವನ್ನೂ ಸಾಕ್ಷಿ ಅಂತಲೇ ತಗೊಳ್ಳುತ್ತಾರೆ.

ಪರಿಹಾರ ಬರುವ ಮೊದಲೇ ಅವನು ವಿಎ ಆಸ್ಪತ್ರೆಗೆ ಹೆಸರು ಬರೆಸಬಹುದು. 2024ರ ಮಾರ್ಚ್ 5ರಿಂದ ಇಂಥ ಕಡೆ ಸೇವೆಯಲ್ಲಿದ್ದವರಿಗೆ ಚಿಕಿತ್ಸೆಗೆ ನೇರವಾಗಿ ಸೇರಿಸಿಕೊಳ್ಳುತ್ತಾರೆ. ಅಲ್ಲಿ ವಿಷದ ಸಂಪರ್ಕದ ಬಗ್ಗೆ ಕೇಳುವ ಒಂದು ಚಿಕ್ಕ ತಪಾಸಣೆ ಇದೆ, ಅದನ್ನೂ ಮಾಡಿಸಲಿ. ಅವನು ಯಾವತ್ತೋ ಬರ್ನ್ ಪಿಟ್ ರಿಜಿಸ್ಟ್ರಿಯಲ್ಲಿ, ಅಂದರೆ ಹೊಗೆಗೆ ಸಿಕ್ಕವರ ಹೆಸರಿನ ಪಟ್ಟಿಯಲ್ಲಿ, ಹೆಸರು ಹಾಕಿರಬಹುದು. ಅದು ಬೇರೆ, ಅರ್ಜಿ ಬೇರೆ. ರಿಜಿಸ್ಟ್ರಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಹಣ ಬರುವುದಿಲ್ಲ.

ಪ್ರಶ್ನೆ: ನನ್ನ ಯಜಮಾನರು ಅಮೆರಿಕದ ವಾಯುಪಡೆಯಲ್ಲಿದ್ದರು. 2005ರಲ್ಲಿ ಕತಾರ್‌ನಲ್ಲಿ ಕೆಲಸ. 2019ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಹೋಗಿಬಿಟ್ಟರು. ಬದುಕಿದ್ದಾಗ ಯಾವ ಅರ್ಜಿಯನ್ನೂ ಹಾಕಲಿಲ್ಲ. ಈಗ ನಾನು ಹಾಕಬಹುದಾ? ನಮ್ಮ ಮದುವೆ ಧರ್ಮಸ್ಥಳದಲ್ಲಿ ಆಯಿತು, ರಿಜಿಸ್ಟರ್ ಮಾಡಿಸಿರಲಿಲ್ಲ. (ನ್ಯೂಜೆರ್ಸಿಯ ಓದುಗರು)

ಉತ್ತರ: ಹಾಕಬಹುದು ತಂಗಿ, ಹಾಕಲೇಬೇಕು. ಅವರು ಅರ್ಜಿ ಹಾಕದೇ ಹೋಗಿದ್ದರೆ ನಿಮ್ಮ ಹಕ್ಕು ಹೋಗುವುದಿಲ್ಲ. ಕತಾರ್ ಪಟ್ಟಿಯಲ್ಲಿದೆ, ಆ ಕ್ಯಾನ್ಸರೂ ಪಟ್ಟಿಯಲ್ಲಿದೆ. ಸೇವೆಯ ಕಾರಣಕ್ಕೆ ಬಂದ ಕಾಯಿಲೆಯಿಂದ ತೀರಿಕೊಂಡವರ ಹೆಂಡತಿಗೆ ತಿಂಗಳ ಹಣ ಕೊಡುವ ಯೋಜನೆಗೆ ಡಿಐಸಿ ಅನ್ನುತ್ತಾರೆ. 2025ರ ದರ ತಿಂಗಳಿಗೆ 1,653 ಡಾಲರ್. ನಮೂನೆ 21ಪಿ-534ಇಝಡ್. ಅವರ ಡಿಡಿ-214, ಮರಣ ಪ್ರಮಾಣಪತ್ರ ಬೇಕು. ಪ್ರಮಾಣಪತ್ರದಲ್ಲಿ ಸಾವಿನ ಕಾರಣದ ಸಾಲನ್ನು ಮೊದಲು ನೋಡಿ. ಕ್ಯಾನ್ಸರ್ ಅಂತ ಬರೆಯದೆ ಬರೀ ಹೃದಯ ನಿಂತಿತು ಅಂತ ಬರೆದಿದ್ದರೆ ಚಿಕಿತ್ಸೆ ಕೊಟ್ಟ ಡಾಕ್ಟರರಿಂದ ಪತ್ರ ತಗೊಳ್ಳಿ.

ಮದುವೆಯ ಚಿಂತೆ ಬೇಡ. ಎಷ್ಟೋ ಕನ್ನಡದ ಹೆಣ್ಣುಮಕ್ಕಳು ಇಲ್ಲೇ ಎಡವಿ ಅರ್ಜಿ ಬಿಟ್ಟಿದ್ದಾರೆ, ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತೇನೆ. ಅವರು ಸೇನೆಯಲ್ಲಿದ್ದಾಗ ನಿಮ್ಮನ್ನು ಹೆಂಡತಿ ಅಂತ ದಾಖಲೆಯಲ್ಲಿ ಸೇರಿಸಿದ್ದರೆ ಅದೇ ದೊಡ್ಡ ಆಧಾರ. ಸರ್ಕಾರಿ ಮದುವೆ ಪ್ರಮಾಣಪತ್ರ ಇಲ್ಲದಿದ್ದರೆ ಮದುವೆ ಮಾಡಿಸಿದ ಪುರೋಹಿತರ ಪ್ರಮಾಣಪತ್ರ, ಅಥವಾ ಕಣ್ಣಾರೆ ಕಂಡ ಇಬ್ಬರ ಅಫಿಡವಿಟ್ ಕೊಡಬಹುದು. ಊರಿನಲ್ಲಿ ಸೋದರಮಾವನೋ ಚಿಕ್ಕಮ್ಮನೋ ಇದ್ದರೆ ನೋಟರಿ ಮುಂದೆ ಬರೆಸಿ ತರಿಸಿ. ದೇವಸ್ಥಾನದ ರಸೀದಿ, ಲಗ್ನಪತ್ರಿಕೆ, ಫೋಟೊ ಇದ್ದರೆ ಜೊತೆಗಿಡಿ. ಕನ್ನಡದಲ್ಲಿರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಹಚ್ಚಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 55 ವರ್ಷ ತುಂಬಿದ ಮೇಲೆ ಮರುಮದುವೆಯಾದರೂ ಈ ಹಣ ನಿಲ್ಲುವುದಿಲ್ಲ. 2021ರ ಜನವರಿಯಿಂದ ಹೀಗಿದೆ.

ಪ್ರಶ್ನೆ: ನಾನು ಮಣಿಪಾಲದಲ್ಲಿ ಓದಿದ ವೈದ್ಯ. ಅಮೆರಿಕಕ್ಕೆ ಬಂದ ಹೊಸತರಲ್ಲೇ ಡಾಕ್ಟರುಗಳ ಕಡ್ಡಾಯ ಭರ್ತಿಯಲ್ಲಿ ನನ್ನನ್ನೂ ಸೇನೆಗೆ ತಗೊಂಡರು. 1970ರಲ್ಲಿ ವಿಯೆಟ್ನಾಂನ ಲಾಂಗ್ ಬಿನ್‌ನಲ್ಲಿ ಸೇನಾ ಆಸ್ಪತ್ರೆಯಲ್ಲಿದ್ದೆ. ಯಾವತ್ತೂ ಕಾಡಿಗೆ ಹೋಗಲಿಲ್ಲ, ಕಾಡಿನ ಎಲೆ ಉದುರಿಸುವ ಔಷಧ ಸಿಂಪಡಿಸುವುದನ್ನು ಕಣ್ಣಿಂದ ನೋಡಲೂ ಇಲ್ಲ. ಈಗ ನನಗೆ 84. ಸಕ್ಕರೆ ಕಾಯಿಲೆ, ಬಿಪಿ ಇವೆ, ಪಾದ ಮರಗಟ್ಟುತ್ತದೆ. ಈ ವಯಸ್ಸಿನವರಿಗೆ ಸಹಜ ಅಂತ ನಾನೇ ರೋಗಿಗಳಿಗೆ ಹೇಳುತ್ತಿದ್ದೆ. ನನಗೆ ಕೇಳುವ ಹಕ್ಕು ಇದೆಯೇ?

ಉತ್ತರ: ಇದೆ ಡಾಕ್ಟರೇ. ನೀವು ಕಣ್ಣಿಂದ ನೋಡಬೇಕಿರಲಿಲ್ಲ. 1962ರ ಜನವರಿ 9ರಿಂದ 1975ರ ಮೇ 7ರವರೆಗೆ ವಿಯೆಟ್ನಾಂ ನೆಲದ ಮೇಲೆ ಒಂದು ದಿನ ಸೇವೆಯಲ್ಲಿದ್ದರೂ ಏಜೆಂಟ್ ಆರೆಂಜ್ ಎಂಬ ಕಳೆನಾಶಕಕ್ಕೆ ಒಡ್ಡಿಕೊಂಡಿದ್ದೀರಿ ಅಂತ ವಿಎ ಒಪ್ಪುತ್ತದೆ. 1991ರ ಕಾಯ್ದೆಯಿಂದ ಬಂದ ಪದ್ಧತಿ ಇದು. ಪ್ಯಾಕ್ಟ್ ಕಾಯ್ದೆಗೆ ದಾರಿ ತೋರಿಸಿದ್ದೂ ಇದೇ.

ಕಾಡಿನ ಎಲೆ ಉದುರಿಸಲು 1962ರಿಂದ 1971ರವರೆಗೆ ವಿಮಾನದಿಂದ ಸುಮಾರು 2 ಕೋಟಿ ಗ್ಯಾಲನ್ ಕಳೆನಾಶಕ ಸುರಿದರು. ಡ್ರಮ್‌ಗಳ ಮೇಲಿದ್ದ ಕಿತ್ತಳೆ ಪಟ್ಟಿಯಿಂದ ಅದರಲ್ಲಿ ಒಂದಕ್ಕೆ ಆ ಹೆಸರು ಬಂತು. ಅದರಲ್ಲಿ ಬೆರೆತಿದ್ದ ಡಯಾಕ್ಸಿನ್ ಎಂಥ ವಿಷ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಲ್ಲಿನ ಹಳ್ಳಿಗಳ ಜನ ಅದನ್ನು ಇವತ್ತಿಗೂ ಅನುಭವಿಸುತ್ತಿದ್ದಾರೆ. ಅಮೆರಿಕದಿಂದ ಅವರಿಗೆ ಇಂಥ ಪಟ್ಟಿಯೂ ಇಲ್ಲ, ತಿಂಗಳ ಹಣವೂ ಇಲ್ಲ ಅನ್ನುವುದು ನನಗೆ ಸದಾ ಚುಚ್ಚುವ ವಿಷಯ.

ಟೈಪ್ 2 ಸಕ್ಕರೆ ಕಾಯಿಲೆ 2001ರಿಂದ ಪಟ್ಟಿಯಲ್ಲಿದೆ. ಬಿಪಿಯನ್ನು ಪ್ಯಾಕ್ಟ್ ಕಾಯ್ದೆ ಸೇರಿಸಿತು. ವಯಸ್ಸಿಗೆ ಸಹಜ ಅನ್ನುವ ಮಾತು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮಾತ್ರೆ ಮತ್ತು ಪಥ್ಯದಲ್ಲಿರುವ ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಶೇ 20. ಬಿಪಿಯಲ್ಲಿ ಹುಷಾರಾಗಿರಬೇಕು. ಈಗ ಔಷಧಿಯಿಂದ ಹತೋಟಿಯಲ್ಲಿದ್ದರೆ ಸೊನ್ನೆ ಕೊಟ್ಟುಬಿಡಬಹುದು. ಹಿಂದೆ ಕೆಳಗಿನ ಅಂಕಿ ಹೆಚ್ಚಾಗಿ 100 ಅಥವಾ ಅದಕ್ಕೂ ಮೇಲೆ ಇರುತ್ತಿತ್ತು, ಅದಕ್ಕೇ ಮಾತ್ರೆ ಶುರುವಾಯಿತು ಅನ್ನುವ ಹಳೆಯ ದಾಖಲೆ ಇದ್ದರೆ ಶೇ 10. ಹಾಗಾಗಿ ಹಳೆಯ ಫೈಲ್ ಹುಡುಕಿಸಿ.

ಪಾದದ ವಿಷಯವನ್ನು ಬಿಡಲೇಬೇಡಿ. ಸಕ್ಕರೆ ಕಾಯಿಲೆಯಿಂದ ನರ ಹಾಳಾಗಿದ್ದರೆ ಅದು ‘ಸೆಕೆಂಡರಿ’, ಅಂದರೆ ಒಪ್ಪಿಕೊಂಡ ಕಾಯಿಲೆಯಿಂದ ಹುಟ್ಟಿದ ಇನ್ನೊಂದು ಕಾಯಿಲೆ, ಆಗುತ್ತದೆ. ಎಡಗಾಲಿಗೆ ಬೇರೆ, ಬಲಗಾಲಿಗೆ ಬೇರೆ ಶೇಕಡಾ. ಕಣ್ಣು, ಮೂತ್ರಪಿಂಡಕ್ಕೆ ತಗುಲಿದ್ದರೆ ಅವೂ ಸೇರುತ್ತವೆ. ಇಲ್ಲಿ ಮಾತ್ರ ಸಕ್ಕರೆಯಿಂದಲೇ ಪಾದ ಹೀಗಾಯಿತು ಎಂದು ನಿಮ್ಮ ಡಾಕ್ಟರ್ ಎರಡು ಸಾಲು ಬರೆದುಕೊಟ್ಟರೆ ಒಳ್ಳೆಯದು. 85 ತುಂಬಿದವರ ಅರ್ಜಿಯನ್ನು ಬೇಗ ಕೈಗೆತ್ತಿಕೊಳ್ಳುತ್ತಾರೆ, ಆದರೆ ಅದಕ್ಕೆ ಕಾಯಬೇಡಿ. ಮೊದಲ ಉತ್ತರದಲ್ಲಿ ಹೇಳಿದ ‘ಇಂಟೆಂಟ್ ಟು ಫೈಲ್’ ದಿನಾಂಕವನ್ನು ಈ ವಾರವೇ ಬರೆಸಿ.

ಪ್ರಶ್ನೆ: ಒಂದು ಕಂಪನಿ ಫೋನ್ ಮಾಡಿ, “ನಿಮ್ಮ ಶೇಕಡಾ ಹೆಚ್ಚಿಸಿಕೊಡುತ್ತೇವೆ, ಹೆಚ್ಚಾದ ತಿಂಗಳ ಹಣದ ಐದು ಪಟ್ಟು ಫೀಸ್ ಕೊಡಿ” ಅಂದಿದೆ. ಒಪ್ಪಂದಕ್ಕೆ ಸಹಿ ಕೇಳುತ್ತಿದ್ದಾರೆ. ಮಾಡಲಾ?

ಉತ್ತರ: ಮಾಡಬೇಡಿ. ಮೊದಲ ಅರ್ಜಿ ತಯಾರಿಸಿಕೊಡಲು ಯಾರೂ ಫೀಸ್ ತಗೊಳ್ಳುವಂತಿಲ್ಲ. ಮಾನ್ಯತೆ ಇರುವ ವಕೀಲರು, ಏಜೆಂಟರು ಕೂಡ ವಿಎಯ ಮೊದಲ ತೀರ್ಮಾನ ಬಂದ ಮೇಲೆ, ಅದನ್ನು ಪ್ರಶ್ನಿಸುವಾಗ ಮಾತ್ರ ತಗೊಳ್ಳಬಹುದು. ಫೋನ್ ಮಾಡಿದವರ ಹೆಸರು ಕೇಳಿ, ವಿಎಯ ಮಾನ್ಯತೆ ಪಟ್ಟಿಯಲ್ಲಿ ಹುಡುಕಿ. ಇಲ್ಲದಿದ್ದರೆ ಫೋನ್ ಇಡಿ. ನಿಮ್ಮ ವಿಎ ಖಾತೆಯ ಪಾಸ್‌ವರ್ಡ್ ಕೊಟ್ಟಿದ್ದರೆ ಇವತ್ತೇ ಬದಲಾಯಿಸಿ. ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯು, ಡಿಎವಿ ಸಂಘಗಳಲ್ಲಿ ಮಾನ್ಯತೆ ಪಡೆದವರು ಇದೇ ಕೆಲಸ ಪುಕ್ಕಟೆ ಮಾಡುತ್ತಾರೆ. ಹಲವು ರಾಜ್ಯಗಳಲ್ಲಿ ಕೌಂಟಿ ಕಚೇರಿಯಲ್ಲೂ ಒಬ್ಬರು ಇರುತ್ತಾರೆ. ಉಸಿರಾಡಲು ಕಷ್ಟಪಡುವವನ ಹಣದಲ್ಲಿ ಐದು ತಿಂಗಳದ್ದು ಹೊಡೆದುಕೊಳ್ಳುವವರನ್ನು ನೋಡಿದರೆ ನನಗೆ ಸಿಟ್ಟು ತಡೆಯುವುದಿಲ್ಲ.

ನೀವು ಮೈಸೂರಿಗೆ ವಾಪಸ್ ಹೋಗುವ ಯೋಚನೆಯಲ್ಲಿದ್ದೀರಿ ಅಂತಲೂ ಬರೆದಿದ್ದೀರಿ. ಹೋದರೂ ತಿಂಗಳ ಹಣ ನಿಲ್ಲುವುದಿಲ್ಲ. ಸೇವೆಗೆ ಸಂಬಂಧಿಸಿದ್ದು ಎಂದು ಒಪ್ಪಿಕೊಂಡ ಕಾಯಿಲೆಗೆ ಭಾರತದಲ್ಲಿ ಚಿಕಿತ್ಸೆ ತಗೊಂಡರೆ ವಿಎಯ ವಿದೇಶಿ ವೈದ್ಯಕೀಯ ಯೋಜನೆ ಖರ್ಚು ಕೊಡುತ್ತದೆ. ಹೊರಡುವ ಮೊದಲೇ ಅದಕ್ಕೆ ಹೆಸರು ಬರೆಸಿ. ಬಿಲ್‌ಗಳಲ್ಲಿ ಕಾಯಿಲೆಯ ಹೆಸರು ಸ್ಪಷ್ಟವಾಗಿ ಇರಲಿ.

ಪ್ರಶ್ನೆ: ಮೇಡಂ, ನಾನು ಭಾರತೀಯ ಸೇನೆಯ ಸುಬೇದಾರ್, 2016ರಲ್ಲಿ ನಿವೃತ್ತಿ. ವಾಹನ ವರ್ಕ್‌ಶಾಪ್‌ನಲ್ಲಿ ಸ್ಪ್ರೇ ಪೇಂಟಿಂಗ್ ಮಾಡುತ್ತಿದ್ದೆ. ಥಿನ್ನರ್ ವಾಸನೆಯಲ್ಲೇ ಸರ್ವಿಸ್ ಮುಗಿಯಿತು. ಕೊನೆಯ ವರ್ಷಗಳಲ್ಲಿ ಆಸ್ತಮಾ ಶುರುವಾಯಿತು. ಮೆಡಿಕಲ್ ಬೋರ್ಡ್ ಶೇ 30 ಅಂತ ಬರೆದು, ಪಕ್ಕದಲ್ಲಿ ‘ನಾನಾ’ ಅಂತ ಹಾಕಿತು. ಪಿಂಚಣಿಯ ಅಂಗವೈಕಲ್ಯದ ಭಾಗ ಸಿಗಲಿಲ್ಲ. ನಮಗೂ ಇಂಥ ಪಟ್ಟಿ ಇದೆಯಾ? (ಕೊಡಗಿನಿಂದ)

ಉತ್ತರ: ಸುಬೇದಾರ್ ಸಾಹೇಬರೇ, ನನ್ನ ತಮ್ಮನೂ ನಮ್ಮ ಸೇನೆಯಲ್ಲಿದ್ದವನು. ಹಾಗಾಗಿ ಈ ‘ನಾನಾ’ ನನಗೆ ಗೊತ್ತು. ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಅನ್ನುವುದಕ್ಕೆ ಹಾಕುವ ಇಂಗ್ಲಿಷ್ ಅಕ್ಷರಗಳು. ಅಮೆರಿಕದ ಹಾಗೆ ಸ್ಥಳ ಮತ್ತು ಕಾಯಿಲೆ ಜೋಡಿಸಿದ ಪಟ್ಟಿಯ ಕಾಯ್ದೆ ನಮ್ಮಲ್ಲಿಲ್ಲ. ಬರಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ನಿಮ್ಮ ಕೈ ಖಾಲಿ ಇಲ್ಲ.

2013ರ ಜುಲೈ 2ರಂದು ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಓದಿಸಿಕೊಳ್ಳಿ. ಭರ್ತಿಯಾಗುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲ ಅಂದರೆ ಆರೋಗ್ಯವಾಗಿದ್ದ ಅಂತಲೇ ತಿಳಿಯಬೇಕು. ಆಮೇಲೆ ಬಂದ ಕಾಯಿಲೆ ಸೇವೆಯಿಂದಲೇ ಬಂತು ಅಂತ ಹಿಡಿಯಬೇಕು. ಅಲ್ಲ ಅನ್ನುವುದಾದರೆ ತೋರಿಸುವ ಹೊಣೆ ಸರ್ಕಾರದ್ದು, ಸೈನಿಕನದ್ದಲ್ಲ. ಬೋರ್ಡ್ ಕಾರಣ ಬರೆಯಬೇಕು, ಸುಮ್ನೆ ‘ನಾನಾ’ ಹಾಕಿದರೆ ಸಾಲದು. ಸರ್ಕಾರವೇ ಸೈನಿಕನ ಪರವಾಗಿ ಒಂದು ಹೆಜ್ಜೆ ಮುಂದಿಡಬೇಕು ಅನ್ನುವ ವಿಚಾರ ಎರಡೂ ದೇಶದಲ್ಲಿ ಒಂದೇ. ಅಲ್ಲಿ ಅದನ್ನು ಸಂಸತ್ತು ಪಟ್ಟಿ ಮಾಡಿತು, ಇಲ್ಲಿ ಕೋರ್ಟ್ ಹೇಳಿತು.

2023ರ ಸೆಪ್ಟೆಂಬರ್ 21ರಿಂದ ಬಂದ ಹೊಸ ನಿಯಮಗಳು ಆಮೇಲೆ ನಿವೃತ್ತರಾದವರಿಗೆ. ನಿಮಗೆ ಹಳೆಯವೇ. ಹಳೆಯ ನಿಯಮದಲ್ಲಿ ಶೇ 20 ಇದ್ದರೆ ಸಾಕು, ನಿಮಗೆ 30 ಇದೆ. ಶೇ 20ರಿಂದ 50ರ ನಡುವಿನದನ್ನು 50ಕ್ಕೆ ಏರಿಸಿ ಕೊಡುವ ಪದ್ಧತಿ ಇದೆ. ಪೂರ್ತಿ ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತದೆ ಎಂದು 2014ರ ರಾಮ್ ಅವತಾರ್ ತೀರ್ಪು ಹೇಳುತ್ತದೆ. ತಡವಾಯಿತು ಅನ್ನುವ ಹೆದರಿಕೆಗೂ ಉತ್ತರ ಇದೆ. 2008ರ ತರ್ಸೆಮ್ ಸಿಂಗ್ ತೀರ್ಪಿನ ಪ್ರಕಾರ ತಡವಾಗಿ ಕೇಳಿದರೂ ಪಿಂಚಣಿಯ ಹಕ್ಕು ಹೋಗುವುದಿಲ್ಲ. ಆದರೆ ಬಾಕಿ ಸಾಮಾನ್ಯವಾಗಿ ಹಿಂದಿನ 3 ವರ್ಷದ್ದು ಮಾತ್ರ. ನೀವು ಸುಮ್ಮನಿದ್ದಷ್ಟು ದಿನ ಹಿಂದಿನ ಒಂದೊಂದು ತಿಂಗಳು ಕೈತಪ್ಪುತ್ತಿದೆ ಅಂತ ತಿಳಿಯಿರಿ.

ಭರ್ತಿಯ ಸಮಯದ ವೈದ್ಯಕೀಯ ದಾಖಲೆ, ಬಿಡುಗಡೆಯ ಮೆಡಿಕಲ್ ಬೋರ್ಡಿನ ಪೂರ್ತಿ ನಡಾವಳಿ, ಎರಡರ ಪ್ರತಿಯನ್ನು ನಿಮ್ಮ ರೆಕಾರ್ಡ್ ಆಫೀಸಿನಿಂದ ಮಾಹಿತಿ ಹಕ್ಕಿನಲ್ಲಿ ಕೇಳಿ. ಸ್ಪ್ರೇ ಬೂತ್‌ನಲ್ಲಿ ಜೊತೆಗಿದ್ದ ಇಬ್ಬರು ಹಳೆಯ ಸಂಗಾತಿಗಳಿಂದ ಬರೆಸಿಕೊಳ್ಳಿ: ಯಾವ ಪೇಂಟ್, ದಿನಕ್ಕೆ ಎಷ್ಟು ಹೊತ್ತು, ಮಾಸ್ಕ್ ಇತ್ತೋ ಇಲ್ಲವೋ. ಮೊದಲು ಸೇನೆಯೊಳಗಿನ ಮೇಲ್ಮನವಿ, ಅಲ್ಲಿ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮೇಲ್ಮನವಿ ಬರೆಯಲು ಸಹಾಯ ಕೇಳಿ. ಬೋರ್ಡಿನ ನಡಾವಳಿ ಕೈಗೆ ಬಂದ ಮೇಲೆ ಅದರಲ್ಲಿ ಕಾರಣದ ಜಾಗದಲ್ಲಿ ಏನು ಬರೆದಿದ್ದಾರೆ ಅಂತ ನನಗೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅಲ್ಲಿಂದ ಮುಂದುವರಿಸೋಣ.